ಮೂರನೇ ಕೂಗಿಗೆ ಊಟ

(ತಿ. ನರಸೀಪುರ ತಾಲ್ಲೂಕಿನ ಒಂದು ಅಂಗನವಾಡಿಯ ಜಗಲಿಯಲ್ಲಿ ಕೂತು ಆಗಾಗ ಗೀಚಿಕೊಂಡದ್ದು. ಊರಿನ ಹೆಸರು ಬೇಡ ಅಂದರು ಟೀಚರ್. ಅವರ ಹೆಸರೂ ಬೇಡ.)

*

ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದಿನಚರಿ ಬರೆದಿದೆ. 9.30ಕ್ಕೆ ಸ್ವಾಗತ, ಪ್ರಾರ್ಥನೆ. ಆಮೇಲೆ ಉಗುರು, ತಲೆಗೂದಲು ನೋಡುವುದು. ಮುಕ್ತ ಆಟ, ಮಾತುಕತೆ, ಹಾಲು, ಸಣ್ಣ ಸ್ನಾಯುಗಳ ಚಟುವಟಿಕೆ, ಅಭಿನಯ ಗೀತೆ, ಊಟ, ವಿಶ್ರಾಂತಿ, ಹೊರಾಂಗಣ ಆಟ, ಕಥೆ. 4 ಗಂಟೆಗೆ ಮನೆಗೆ.

ಇದನ್ನು ಓದುವವರು ಯಾರು? ಮಕ್ಕಳಿಗೆ ಅಕ್ಷರ ಬರುವುದಿಲ್ಲ, ಬಂದರೂ ಅಷ್ಟೆತ್ತರಕ್ಕೆ ಕಣ್ಣು ಹೋಗುವುದಿಲ್ಲ. ಟೀಚರ್‌ಗೆ ಅದು ಬಾಯಿಪಾಠ. ತಾಯಂದಿರು ಬಾಗಿಲಲ್ಲೇ ಮಗುವನ್ನು ಬಿಟ್ಟು ಹೊರಡುತ್ತಾರೆ. ಉಳಿದವರು ತಿಂಗಳಿಗೊಮ್ಮೆ ಬರುವ ಮೇಲ್ವಿಚಾರಕಿ, ಮತ್ತೆ ಕೆಲಸವಿಲ್ಲದೆ ಕೂತ ನಾನು. ಮೂರು ವರ್ಷದ ಮಗುವಿಗೆ 11.15 ಅಂದರೆ ಏನು ಅನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ.

*

9.30 ಎಂದು ಬರೆದಿದ್ದರೂ ಮಕ್ಕಳು 9 ಗಂಟೆಗೆ ಮೊದಲೇ ಬರುತ್ತಾರೆ, 10.30ರ ಮೇಲೂ ಬರುತ್ತಾರೆ. ನಾಟಿ ಕೆಲಸ ಇದ್ದರೆ ತಾಯಿ ಬೆಳಗಿನ 7ಕ್ಕೆಲ್ಲ ಗದ್ದೆಯಲ್ಲಿರಬೇಕು. ಗಾರ್ಮೆಂಟ್ಸ್‌ಗೆ ಹೋಗುವವಳಾದರೆ ಅದಕ್ಕೂ ಮೊದಲೇ ವ್ಯಾನ್ ಹತ್ತಿರಬೇಕು. ಆಗ ಮಗು ಅಜ್ಜಿಯ ಪಾಲು. ಅಜ್ಜಿ ಎಮ್ಮೆ ಕಟ್ಟಿ, ಕಸ ಗುಡಿಸಿ, ಮೊಮ್ಮಗನಿಗೆ ಸ್ನಾನ ಮಾಡಿಸಿ ಕರೆತರುವಾಗ ಪ್ರಾರ್ಥನೆ ಮುಗಿದು ಎಷ್ಟೋ ಹೊತ್ತಾಗಿರುತ್ತದೆ.

ಟೀಚರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲರೂ ಇರಲೇಬೇಕಾದ ಯಾವ ಕೆಲಸವನ್ನೂ ಅವರು 10.30ಕ್ಕೆ ಮೊದಲು ಶುರು ಮಾಡುವುದಿಲ್ಲ, ಅಷ್ಟೆ. ಮರದ ಬ್ಲಾಕು, ಬಾಟಲಿ ಮುಚ್ಚಳ, ಒಂದು ಹಳೇ ತಕ್ಕಡಿ, ಹುಣಸೆ ಬೀಜ ತುಂಬಿದ ಡಬ್ಬಿ, ಇವನ್ನು ಚಾಪೆಯ ಮೇಲೆ ಹರಡಿಬಿಡುತ್ತಾರೆ. ಮೊದಲು ಬಂದವನು ಮೊದಲು ಆಡುತ್ತಾನೆ. ಕೊನೆಗೆ ಬಂದವಳಿಗೂ ಏನೂ ತಪ್ಪಿಹೋಗಿರುವುದಿಲ್ಲ.

ಮುಕ್ತ ಆಟವನ್ನು ದಿನದ ಮೊದಲಿಗೇ ಇಟ್ಟದ್ದು ಶಿಕ್ಷಣ ತತ್ವ ಅಂತ ನಾನು ಅಂದುಕೊಂಡಿದ್ದೆ. ತತ್ವ ಇರಬಹುದು. ನನಗೆ ಕಂಡದ್ದು ಎಮ್ಮೆ.

*

ಜೂನ್ ತಿಂಗಳ ಅಳು. ಹೊಸದಾಗಿ ಸೇರಿದ ಮಗು ಕೈ ಬಿಡುವುದಿಲ್ಲ. ಅದು ಬ್ಲಾಕಿನ ಕಡೆ ಕಣ್ಣು ಹಾಯಿಸಿದ ಒಂದು ಗಳಿಗೆಯಲ್ಲಿ ಅಜ್ಜಿ ಸೀರೆ ಎತ್ತಿಕಟ್ಟಿ ಮೆಲ್ಲನೆ ಜಾರಿಕೊಳ್ಳುವ ಹವಣಿಕೆ. ಟೀಚರ್ ತಡೆದರು: “ಅಜ್ಜಿ, ಕದ್ದು ಹೋಗ್ಬೇಡಿ. ಹೇಳಿ ಹೋಗಿ.”

“ಯೋಳುದ್ರೆ ಅಳ್ತದೆ ಕನವ್ವ.”

“ಅಳ್ಲಿ. ಹೇಳ್ದೆ ಹೋದ್ರೆ ನಾಳೆ ಇನ್ನೂ ಬಿಗಿಯಾಗಿ ಹಿಡ್ಕೊಳ್ತಾನೆ.”

ಅಜ್ಜಿ ಬಗ್ಗಿ ಹೇಳಿದರು, ಮಗು ಅತ್ತಿತು. ಆಮೇಲೆ ಮೂಗು ಒರೆಸಿಕೊಂಡು ಟೀಚರನ್ನು ಕೇಳಿತು: “ಊಟ ಆದ್ಮೇಲೆ ಬತ್ತಾಳಾ?” “ಊಟ ಆಗಿ, ಮಲಗೆದ್ದು, ಆಟ ಆಡಿ, ಕಥೆ ಕೇಳಿದ್ಮೇಲೆ ಬರ್ತಾರೆ.” ಅದು ನಾಲ್ಕನ್ನೂ ಬೆರಳು ಮಡಿಸಿ ಕೇಳಿಸಿಕೊಂಡಿತು. ಬೆರಳು ತಪ್ಪಾಗಿ ಮಡಿಸಿತ್ತು, ಎರಡೇ ಇದ್ದವು. ಆದರೂ ಸಮಾಧಾನವಾದ ಹಾಗೆ ಕಂಡಿತು.

ಟೀಚರ್ 4 ಗಂಟೆಗೆ ಎನ್ನಲಿಲ್ಲ. ಗೋಡೆಯ ದಿನಚರಿಯನ್ನು ಎಡಗಡೆಯ ಕಾಲಂ ಬಿಟ್ಟು ಬಲಗಡೆಯದನ್ನು ಮಾತ್ರ ಓದಿದರು.

*

ಮಕ್ಕಳಿಗೆ ಗಂಟೆಯಲ್ಲ, ಅನುಕ್ರಮವೇ ಲೆಕ್ಕ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಗ್ಯಾಸ್ ಮುಗಿದ ದಿನ. ಸಿಲಿಂಡರ್ ಅರ್ಧ ಬೇಳೆಗೆ ಕೈಕೊಟ್ಟಿತು. ಸಹಾಯಕಿ ಪಕ್ಕದ ಮನೆಗೆ ಓಡಿದರು. ಹಸಿದ 22 ಮಕ್ಕಳನ್ನು ಹಿಡಿದಿಡಬೇಕಲ್ಲ, ಟೀಚರ್ ಕಥೆ ಶುರು ಮಾಡಿದರು. ಆನೆ, ಇರುವೆ, ಬೆಲ್ಲದ ಅಚ್ಚು. ಒಳ್ಳೆಯ ಕಥೆ. ನಾನೂ ಪೆನ್ನು ಕೆಳಗಿಟ್ಟು ಕೇಳಿದೆ.

ಕಥೆ ಮುಗಿಯಿತು. ಮೂವರು ಎದ್ದರು. ಗೂಟಕ್ಕೆ ತೂಗುಹಾಕಿದ್ದ ಚೀಲ ತೆಗೆದುಕೊಂಡರು. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಅವರನ್ನು ನೋಡಿ ಇನ್ನೂ ನಾಲ್ಕು ಜನ ಎದ್ದರು. ಒಬ್ಬಳಂತೂ ಅಜ್ಜಿ ಇನ್ನೂ ಬಂದಿಲ್ಲ ಎಂದು ತುಟಿ ನಡುಗಿಸತೊಡಗಿದಳು. ಹೊಟ್ಟೆ ಹಸಿದಿದೆ, ಬಿಸಿಲು ನೆತ್ತಿಯ ಮೇಲಿದೆ, ಒಳಗೆ ಬೇಳೆಯ ವಾಸನೆ. ಯಾವುದೂ ಅವರ ಲೆಕ್ಕಕ್ಕೆ ಬರಲಿಲ್ಲ. ಕಥೆ ಆದ ಮೇಲೆ ಮನೆ, ಮುಗಿಯಿತು.

“ನೋಡಿದ್ರಾ, ಇವತ್ತು ದಿನಾನೇ ಕೆಡ್ತು” ಎಂದರು ಟೀಚರ್. ಅದೇ ದಿನ ಹಾಲು ಅರ್ಧ ಗಂಟೆ ತಡವಾಗಿತ್ತು. ಅದರ ಬಗ್ಗೆ ಒಬ್ಬರೂ ತಕರಾರು ಎತ್ತಿರಲಿಲ್ಲ. ಅರ್ಧ ಗಂಟೆ ತಡ ಅವರಿಗೆ ಗೊತ್ತೇ ಆಗುವುದಿಲ್ಲ. ಮುಂದಿನದು ಹಿಂದೆ ಬಂದರೆ ಮಾತ್ರ ಲೋಕ ತಲೆಕೆಳಗು. ಹಾಗಿದ್ದರೆ ಗೋಡೆಯ ಮೇಲೆ ಗಂಟೆ, ನಿಮಿಷ ಅಷ್ಟು ದಪ್ಪಗೆ ಬರೆದು, ಅನುಕ್ರಮವನ್ನು ಯಾರು ಬೇಕಾದರೂ ಬದಲಿಸಬಹುದು ಎಂಬಂತೆ ನಡೆದುಕೊಳ್ಳುವುದೇಕೆ? ತರಬೇತಿ, ಸಭೆ, ಅತಿಥಿ ಯಾವುದಿದ್ದರೂ ಮೊದಲು ಹಿಂದೆಮುಂದೆ ಆಗುವುದು ಅನುಕ್ರಮವೇ.

*

ಅಡುಗೆಮನೆಗೂ ತರಗತಿಗೂ ಮಧ್ಯೆ ಇರುವುದು ಅರ್ಧ ಗೋಡೆ. ಕುಕ್ಕರ್ ಒಂದು ಸಲ ಕೂಗಿದರೆ ಯಾರೂ ತಲೆ ಎತ್ತುವುದಿಲ್ಲ. ಎರಡನೇ ಕೂಗಿಗೆ ಒಂದಿಬ್ಬರು ಆಟಿಕೆ ಕೆಳಗಿಡುತ್ತಾರೆ. ಮೂರನೇ ಕೂಗಿಗೆ ಎಲ್ಲರೂ ಕೈತೊಳೆಯಲು ತಾವಾಗಿ ಸಿದ್ಧರಾಗುತ್ತಾರೆ. “ನಮ್ದು ಟೈಮ್ ಟೇಬಲ್ ಅಲ್ಲ ಸಾರ್, ಕುಕ್ಕರ್ ಟೇಬಲ್” ಎಂದು ಸಹಾಯಕಿ ನಕ್ಕರು.

*

ಕೈತೊಳೆಯುವ ಲೆಕ್ಕ. ನಲ್ಲಿ ಒಂದು, ಮಕ್ಕಳು 22. ಒಬ್ಬರಿಗೆ ಅರ್ಧ ನಿಮಿಷ ಹಿಡಿದರೂ 11 ನಿಮಿಷ. ಸೋಪು ಜಾರಿ ಬಿದ್ದದ್ದು, ನೀರು ಎರಚಿದ್ದು, ತೋಳು ಒದ್ದೆಯಾಯಿತೆಂದು ಅತ್ತದ್ದು ಸೇರಿದರೆ 15. ಇದು ಹಾಲಿಗೆ ಒಂದು ಸಲ, ಊಟಕ್ಕೆ ಮೊದಲು ಒಂದು ಸಲ, ಊಟದ ಮೇಲೆ ಒಂದು ಸಲ. ಮುಕ್ಕಾಲು ಗಂಟೆ! ಗೋಡೆಯ ಪಟ್ಟಿಯಲ್ಲಿ ಕೈತೊಳೆಯುವುದು ಎಂಬ ಸಾಲೇ ಇಲ್ಲ.

ಶೌಚವೂ ಇಲ್ಲ. ಇಡೀ ಪಟ್ಟಿಯನ್ನು ಎರಡು ಸಲ ಓದಿದೆ. 3ರಿಂದ 6 ವರ್ಷದ ಮಕ್ಕಳು ಆರೂವರೆ ಗಂಟೆ ಇರುವ ಜಾಗದ ದಿನಚರಿ, ಅದರಲ್ಲಿ ಒಂದು ಮಗುವೂ ಒಂದಕ್ಕೆ ಹೋಗುವುದಿಲ್ಲ.

ನಿಜದಲ್ಲಿ ದಿನದ ಹೆಚ್ಚಿನ ಬಿಕ್ಕಟ್ಟು ಇಲ್ಲೇ ಹುಟ್ಟುವುದು. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಒಬ್ಬ ಕಾಲು ಹೆಣೆದುಕೊಂಡು ನಿಲ್ಲುತ್ತಾನೆ. ಸಹಾಯಕಿ ಒಲೆಯ ಮುಂದೆ. ಶೌಚಾಲಯ ಕಟ್ಟಡದ ಹಿಂದೆ. ಟೀಚರ್ ಅವನನ್ನು ಕರೆದುಕೊಂಡು ಹೋದರೆ ಉಳಿದ 21 ಜನರ ಹತ್ತಿರ ಯಾರು? ಆ ದಿನ ನಾನಿದ್ದೆ. ನಾನಿಲ್ಲದ ದಿನ? ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗುತ್ತಾರಂತೆ. ಒಬ್ಬನ ಅವಸರಕ್ಕೆ ಇಡೀ ಊರೇ ಜಾತ್ರೆಗೆ ಹೊರಟ ಹಾಗೆ.

ಆದರೆ ಇದೇ ಟೀಚರ್ ಕೈಯಲ್ಲಿ ಒಂದು ಉಪಾಯ ಕಂಡೆ. ಊಟಕ್ಕೆ ಮೊದಲು ಅವರು ಎಲ್ಲರನ್ನೂ ಒಟ್ಟಿಗೆ ಎಬ್ಬಿಸುವುದಿಲ್ಲ. ಹಾಡು ನಡೆಯುತ್ತಲೇ ಇರುತ್ತದೆ. ಅದರ ನಡುವೆ ನಾಲ್ಕು ಹೆಸರು ಕರೆಯುತ್ತಾರೆ. ಆ ನಾಲ್ವರು ಹೋಗಿ ಬರುವಷ್ಟರಲ್ಲಿ ಇನ್ನು ನಾಲ್ಕು. ಹಾಡಿಗೆ ಕೊನೆಯೇ ಇಲ್ಲ, ಪ್ರಾಣಿಗಳ ಹೆಸರು ಸೇರಿಸಿಕೊಂಡು ಹೋಗಬಹುದು. ಹೀಗಾಗಿ ಸುಮ್ಮನೆ ಕಾಯುವವರೇ ಇಲ್ಲ. ಜಗಳವೂ ಇಲ್ಲ, ಏಕೆಂದರೆ ಸಾಲಿನಲ್ಲಿ ನಿಂತಾಗಲೇ ಅಲ್ಲವೇ ಮುಂದಿನವನ ಜುಟ್ಟು ಕೈಗೆ ಸಿಗುವುದು.

ನನ್ನ ಮಟ್ಟಿಗೆ ಅಲ್ಲಿ ಕಂಡ ದೊಡ್ಡ ವಿದ್ಯೆ ಇದೇ. ಇದಕ್ಕೆ ಯಾವ ಪಟ್ಟಿಯಲ್ಲೂ ಸಾಲಿಲ್ಲ, ಯಾವ ಮೇಲ್ವಿಚಾರಕಿಯ ವರದಿಯಲ್ಲೂ ಅಂಕಣವಿಲ್ಲ.

*

ಮೊಟ್ಟೆಯ ದಿನ. ಬೇಯಿಸಿದ ಮೊಟ್ಟೆಯನ್ನು ಮಕ್ಕಳೇ ಸುಲಿಯಬೇಕು ಎಂದು ಇಲ್ಲಿಯ ನಿಯಮ. ನೆಲಕ್ಕೆ ಕುಟ್ಟುವುದು, ಉಗುರು ತೂರಿಸುವುದು, ತೆಳು ಪೊರೆ ಹಿಡಿದು ಎಳೆಯುವುದು. ಒಬ್ಬ ಇಡೀ ಚಿಪ್ಪನ್ನು ಎರಡೇ ತುಂಡಿನಲ್ಲಿ ತೆಗೆದು ಎಲ್ಲರಿಗೂ ತೋರಿಸಿದ. ಇನ್ನೊಬ್ಬಳು ಬಿಳಿಯ ಭಾಗವನ್ನೂ ಅರ್ಧ ಸುಲಿದಳು. ಕಾಲು ಗಂಟೆ ಹಿಡಿಯಿತು.

ಗೋಡೆಯ ಪಟ್ಟಿಯಲ್ಲಿ ಸಣ್ಣ ಸ್ನಾಯುಗಳ ಚಟುವಟಿಕೆ ಬೇರೆ ಇದೆ, ಅದಕ್ಕೆ ಮಣಿ ಪೋಣಿಸುತ್ತಾರೆ. ಮೊಟ್ಟೆ ಸುಲಿಯುವುದು ಯಾವ ಕಾಲಂಗೆ? ಪೌಷ್ಟಿಕ ಆಹಾರಕ್ಕೋ, ಶಾಲಾಪೂರ್ವ ಶಿಕ್ಷಣಕ್ಕೋ? “ಎರಡಕ್ಕೂ ಬರ್ಕೊಂಡ್ರೆ ಆಡಿಟ್‌ನವ್ರು ಕೇಳ್ತಾರೆ” ಎಂದರು ಟೀಚರ್. ಅವರು ತಮಾಷೆ ಮಾಡಿದರೋ ನಿಜ ಹೇಳಿದರೋ ಗೊತ್ತಾಗಲಿಲ್ಲ.

*

ಹಾಲು. ಸರ್ಕಾರದ ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಶುರುವಾಯಿತು. ಒಂದು ಮಗುವಿಗೆ 150 ಮಿಲಿಲೀಟರ್, ಪುಡಿ ಕದಡಿ ಮಾಡಿದ ಹಾಲು. ಸಣ್ಣ ಹೊಟ್ಟೆಗೆ ಅದು ಸಣ್ಣ ಪ್ರಮಾಣವಲ್ಲ. ಮನೆಯಲ್ಲಿ ಮುದ್ದೆ ತಿಂದು ಬಂದ ಮಗುವಿಗೆ 10ಕ್ಕೆ ಹಾಲು ಬೇಡ. ಏನೂ ತಿನ್ನದೆ ಬಂದವನಿಗೆ 9.30ಕ್ಕೇ ಬೇಕು. 11ರ ಮೇಲೆ ಕೊಟ್ಟರೆ ಇಬ್ಬರೂ ಮಧ್ಯಾಹ್ನದ ಅನ್ನ ಬಿಡುತ್ತಾರೆ. ಒಲೆ ಒಂದೇ. ಕಾಯಿಸಿದ್ದು ಆರಬೇಕು. ಇಷ್ಟನ್ನೂ ಕೂಡಿಸಿ ಕಳೆದು ಸಹಾಯಕಿ ಮನಸ್ಸಿನಲ್ಲೇ ಒಂದು ಹೊತ್ತು ಗೊತ್ತುಮಾಡಿಕೊಂಡಿದ್ದಾರೆ. ಗೋಡೆಯ ಹೊತ್ತಿಗೂ ಅದಕ್ಕೂ ಸಂಬಂಧವಿಲ್ಲ. ಇಬ್ಬರು ಮಕ್ಕಳಿಗೆ ಮಾತ್ರ ಮೊದಲೇ ಒಂದು ಲೋಟ ಎತ್ತಿಟ್ಟಿರುತ್ತಾರೆ. ಯಾವ ಇಬ್ಬರು ಎಂದು ನಾನು ಕೇಳಲಿಲ್ಲ, ನೋಡಿದರೆ ತಿಳಿಯುತ್ತದೆ.

*

ಊಟದ ಮೇಲೆ ವಿಶ್ರಾಂತಿ. ಇದೇ ನನ್ನನ್ನು ಹೆಚ್ಚು ತಲೆ ಕೆರೆಯುವಂತೆ ಮಾಡಿದ್ದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಮಾರ್ಗಸೂಚಿ ಕೊಟ್ಟಿದೆ. ಒಂದೆರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ, ಹಗಲಿನದ್ದೂ ಸೇರಿ. ಆದರೆ ಹಗಲು ನಿದ್ದೆ ಬಿಡುವ ವಯಸ್ಸು ಎಲ್ಲರಿಗೂ ಒಂದೇ ಅಲ್ಲ. ಹೆಚ್ಚಿನ ಮಕ್ಕಳು ಮೂರರಿಂದ ಐದರ ನಡುವೆ ಯಾವಾಗಲೋ ಬಿಡುತ್ತಾರೆ. ಅಂಗನವಾಡಿಯಲ್ಲಿ ಇರುವುದೂ ಸರಿಯಾಗಿ ಆ ವಯಸ್ಸಿನವರೇ. ಒಂದೇ ಕೋಣೆ, ಒಂದೇ ಚಾಪೆ. ಅರ್ಧ ಮಕ್ಕಳಿಗೆ ನಿದ್ದೆ ಬೇಕೇ ಬೇಕು, ಇನ್ನರ್ಧಕ್ಕೆ ಬರುವುದೇ ಇಲ್ಲ.

ಮೂರು ವರ್ಷದವರು ಕೈಯಲ್ಲಿ ಅನ್ನದ ಅಗಳು ಅಂಟಿದ್ದ ಹಾಗೇ ಮಲಗಿಬಿಡುತ್ತಾರೆ. ಐದರವರು ಚಾವಣಿ ನೋಡುತ್ತಾರೆ, ಪಕ್ಕದವನ ಕಿವಿಗೆ ಊದುತ್ತಾರೆ, ಮಲಗಿದವನನ್ನು ಎಬ್ಬಿಸುವುದು ಹೇಗೆಂದು ಯೋಚಿಸುತ್ತಾರೆ. ಅಲುಗಾಡದೆ ಒಂದೂವರೆ ಗಂಟೆ ಮಲಗಿರು ಅನ್ನುವುದು ದೊಡ್ಡವರಿಗೂ ಶಿಕ್ಷೆಯೇ.

ಬಾಗಿಲಲ್ಲಿ ಬೇರೆ ಅಹವಾಲು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ: “ಮಿಸ್, ಮಧ್ಯಾಹ್ನ ಮಲಗಿಸ್ಬೇಡಿ. ರಾತ್ರಿ ಹನ್ನೊಂದಾದ್ರೂ ಮಲಗಲ್ಲ, ನಾನು ಬೆಳಿಗ್ಗೆ ನಾಲ್ಕಕ್ಕೆ ಏಳ್ಬೇಕು.” ಇನ್ನೊಂದು ಮಗುವಿನ ಅಜ್ಜಿ: “ಮನ್ಗುಸ್ಬುಡವ್ವ, ಇಲ್ದಿದ್ರೆ ಸಂಜೇಗೆ ರಚ್ಚೆ ಇಡಿತದೆ.” ಎರಡೂ ನ್ಯಾಯವೇ. ಟೀಚರ್ ಇಬ್ಬರಿಗೂ “ಆಯ್ತು” ಎಂದರು.

ಆಮೇಲೆ ಏನು ಮಾಡುತ್ತಾರೆಂದು ಕಾದು ನೋಡಿದೆ. ಗೋಡೆ ಬದಿಗೆ ಸಣ್ಣವರು. ಬಾಗಿಲ ಬದಿಗೆ ದೊಡ್ಡವರು. ದೊಡ್ಡವರು ಸ್ವಲ್ಪ ಹೊತ್ತು ಮೈ ಚಾಚಬೇಕು. ನಿದ್ದೆ ಬರದಿದ್ದರೆ ಸದ್ದಿಲ್ಲದೆ ಜಗಲಿಗೆ ಬಂದು ಚಿತ್ರದ ಪುಸ್ತಕ ನೋಡಬಹುದು, ಸ್ಲೇಟಿನಲ್ಲಿ ಗೀಚಬಹುದು. ರಾತ್ರಿ ಮಲಗದವನನ್ನು ಸ್ವಲ್ಪ ಹೊತ್ತಿಗೇ ತಟ್ಟಿ ಎಬ್ಬಿಸುತ್ತಾರೆ. ಏಳುವಾಗ ಅವನು ಅಳುತ್ತಾನೆ. ಒಬ್ಬ ತಾಯಿಯ ನಾಲ್ಕು ಗಂಟೆ ನಿದ್ದೆಗೆ ಅವನು ಕೊಡುವ ಬೆಲೆ ಅದು. ಸರಿಯೋ ತಪ್ಪೋ ನಾನು ಹೇಳಲಾರೆ.

*

ಅದೇ ಹೊತ್ತಿಗೆ ಇನ್ನೊಂದು ನಡೆಯುತ್ತದೆ. ಮಕ್ಕಳ ಕಣ್ಣು ಮುಚ್ಚಿದ ಕೂಡಲೇ ಕಪಾಟಿನ ಬಾಗಿಲು ತೆರೆಯುತ್ತದೆ. ಹಾಜರಿ, ದಾಸ್ತಾನು, ಗರ್ಭಿಣಿಯರ ಪಟ್ಟಿ, ಲಸಿಕೆ, ತೂಕ, ಮನೆಭೇಟಿ. ಒಂದು ಕಾಲದಲ್ಲಿ ನೋಂದಣಿ ಪುಸ್ತಕಗಳೇ ಹನ್ನೊಂದು. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂತು. ಪುಸ್ತಕ ಕಡಿಮೆಯಾಗಬೇಕಿತ್ತು. ನಾನು ನೋಡಿದ ಮಟ್ಟಿಗೆ ಕಪಾಟು ಹಾಗೇ ತುಂಬಿದೆ, ಜೊತೆಗೆ ಸಿಗ್ನಲ್ ಹುಡುಕಿಕೊಂಡು ಹುಣಸೆಮರದ ಕೆಳಗೆ ನಿಲ್ಲುವ ಕೆಲಸ ಸೇರಿದೆ.

ಹಾಗಾದರೆ ವಿಶ್ರಾಂತಿ ಯಾರದ್ದು? ಅದು ಮಕ್ಕಳ ನಿದ್ದೆಯ ಲೆಕ್ಕದಿಂದ ಬಂದ ಒಂದೂವರೆ ಗಂಟೆಯೋ, ಕಡತಗಳ ಲೆಕ್ಕದಿಂದ ಬಂದದ್ದೋ? ನಿದ್ದೆ ಬಾರದ ಐದು ವರ್ಷದ ಪೋರನನ್ನು ಮಲಗಿಸಿಡುವ ಒತ್ತಡ ಎಲ್ಲಿಂದ ಬರುತ್ತದೆ ಅನ್ನುವುದು ಈಗ ಸ್ವಲ್ಪ ಸ್ವಲ್ಪ ಅರ್ಥವಾಗುತ್ತಿದೆ. ಅವನು ಎದ್ದರೆ ಟೀಚರ್ ಬೇಕು. ಟೀಚರ್ ಆ ಹೊತ್ತಿಗೆ ಗುಮಾಸ್ತೆ.

*

ಹಳೆಯ ಸಂಗತಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಇದೇ ತಿ. ನರಸೀಪುರ, 100 ಅಂಗನವಾಡಿಗಳೊಂದಿಗೆ. ಅಂದಿನಿಂದ ಆರು ಸೇವೆ ಎನ್ನುತ್ತಾರೆ: ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಆರರಲ್ಲಿ ಕೊನೆಯದೊಂದೇ ಗೋಡೆಯ ದಿನಚರಿಯ ಹೆಚ್ಚಿನ ಸಾಲು ತುಂಬುತ್ತದೆ. ಉಳಿದವೆಲ್ಲ ಆ ದಿನಚರಿಯ ಮೇಲೇ ಬಂದು ಕೂರುತ್ತವೆ.

ಗುರುವಾರ ಲಸಿಕೆ ಇದ್ದರೆ ಊರಿನ ಕೂಸುಗಳೆಲ್ಲ ಇಲ್ಲಿಗೆ. ಒಂದು ಅತ್ತರೆ ಒಳಗಿನ 22ಕ್ಕೂ ತಮಗೂ ಸೂಜಿ ಬಿತ್ತೆಂಬ ಗುಮಾನಿ. ತಿಂಗಳಿಗೊಮ್ಮೆ ತೂಕ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಕೇಂದ್ರದಲ್ಲೇ ಬಿಸಿಯೂಟ ಎಂದು ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್‌ನಲ್ಲಿ ಬಂದಾಗ ಅದೇ ಒಲೆ, ಅದೇ ಸಹಾಯಕಿ, ಅದೇ ಮಧ್ಯಾಹ್ನ. ಚುನಾವಣೆ ಬಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸ. ಮಕ್ಕಳ ವೇಳಾಪಟ್ಟಿಯಲ್ಲಿ ಮಾತ್ರ ಒಂದಕ್ಷರ ಬದಲಾಗುವುದಿಲ್ಲ. 11.15ಕ್ಕೆ ಮಣಿ ಪೋಣಿಸುವುದು ಎಂದೇ ಇರುತ್ತದೆ.

*

ಏಪ್ರಿಲ್. ಗೋಡೆಯ ಪ್ರಕಾರ ಹೊರಾಂಗಣ ಆಟ ಮಧ್ಯಾಹ್ನ 3ಕ್ಕೆ. ಅಂಗಳದ ಮಣ್ಣು ಕಾದ ಹಂಚು. ಟೀಚರ್ ಯಾರನ್ನೂ ಕೇಳದೆ ಹೊರಗಿನ ಆಟವನ್ನು ಬೆಳಗಿನ ಹೊತ್ತಿಗೆ ತಂದುಕೊಂಡಿದ್ದಾರೆ. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯೇ ಬೆಳಿಗ್ಗೆ 8ಕ್ಕೆ ಸರಿಯುವುದುಂಟು. ಗುಮಾಸ್ತರಿಗೆ ಬಿಸಿಲು ತಾಗುತ್ತದೆಂದು ಆದೇಶ ಹೊರಡುತ್ತದೆ. ಈ ಗೋಡೆಯ ಬಣ್ಣಕ್ಕೆ ಮಾತ್ರ ಋತುಗಳಿಲ್ಲ.

*

ಮೈಸೂರಿನಲ್ಲಿ ನಂಟರ ಮಗು ಹೋಗುವ ಡೇ ಕೇರ್ ನೋಡಿಬಂದೆ. ಒಳ್ಳೆಯ ಕಟ್ಟಡ, ಬಣ್ಣದ ಕುರ್ಚಿ, ನಗುಮುಖದ ಹುಡುಗಿಯರು. ವೇಳಾಪಟ್ಟಿಯನ್ನು ಹೊಳೆಯುವ ಕಾಗದದಲ್ಲಿ ಅಚ್ಚುಹಾಕಿಸಿ ತಂದೆತಾಯಿಗೆ ಕೊಡುತ್ತಾರೆ. ಫೋನಿಕ್ಸ್, ರೈಮ್ಸ್, ಯೋಗ, ಜುಂಬಾ, ಸ್ಯಾಂಡ್ ಪ್ಲೇ, ಪಪೆಟ್ ಶೋ. ಪ್ರತಿ ಅರ್ಧ ಗಂಟೆಗೆ ಒಂದು.

ಕಾಸು ಕೊಟ್ಟವರಿಗೆ ಪಟ್ಟಿ ಉದ್ದವಿದ್ದಷ್ಟು ಸಮಾಧಾನ. ಆದರೆ ಲೆಕ್ಕ ಹಾಕಿದೆ. ಬೆಳಗಿನಲ್ಲಿ ಎಂಟು ಚಟುವಟಿಕೆ ಇದ್ದರೆ ಮಧ್ಯೆ ಏಳು ಬದಲಾವಣೆ. ಒಂದನ್ನು ಎತ್ತಿಟ್ಟು, ಸಾಲು ನಿಂತು, ಕೋಣೆ ಬದಲಿಸಿ, ಕೂತು, ಇನ್ನೊಂದು ಶುರುವಾಗಲು ಸಣ್ಣ ಮಕ್ಕಳಿಗೆ ಎಂಟು ನಿಮಿಷ ಹಿಡಿದರೂ ಸುಮಾರು ಒಂದು ಗಂಟೆ ಹೋಯಿತು. ಪಟ್ಟಿಗೆ ಒಂದು ಚಟುವಟಿಕೆ ಸೇರಿಸಿದರೆ ಮಗುವಿಗೆ ಸಿಗುವ ಹೊತ್ತು ಹೆಚ್ಚಾಗುವುದಿಲ್ಲ, ಕಡಿಮೆಯಾಗುತ್ತದೆ. ಇದು ಗಣಿತ, ಅಭಿಪ್ರಾಯವಲ್ಲ.

ಅಲ್ಲಿ ಒಬ್ಬ ಹುಡುಗ ಮರಳಿನಲ್ಲಿ ಕಾಲುವೆ ತೋಡುತ್ತಿದ್ದ. ನೀರು ಹಾಯಿಸಿದರೆ ಇಂಗಿಹೋಗುತ್ತಿತ್ತು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅಡಿಗೆ ಹಾಸಬಹುದು ಅಂತ ಹೊಳೆದ ಗಳಿಗೆಗೇ ಗಂಟೆ ಬಾರಿಸಿತು. ಯೋಗ. ಅವನು ಕೈ ಕೊಡವಿಕೊಂಡು ಹೋದ. ಮಗು ಅರ್ಧಕ್ಕೆ ಎದ್ದುಹೋಗುವುದನ್ನು ಕಲಿಯುವುದೂ ಒಂದು ಕಲಿಕೆಯೇ ಇರಬೇಕು.

ಮಾಂಟೆಸ್ಸೊರಿ ಪದ್ಧತಿಯಲ್ಲಿ ಬೆಳಗಿನ ಹೊತ್ತು ಸುಮಾರು ಮೂರು ಗಂಟೆ ಮಗುವಿನ ಕೆಲಸಕ್ಕೆ ಅಡ್ಡಿಯಿರಬಾರದು ಎಂಬ ಕ್ರಮವಿದೆ. ಆ ಪದ್ಧತಿ ಕಟ್ಟಿದ ಮಹಾತಾಯಿ 1939ರಲ್ಲಿ ಮದರಾಸಿಗೆ ಬಂದು ಯುದ್ಧಕಾಲವೆಲ್ಲ ಇದೇ ದೇಶದಲ್ಲಿದ್ದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ನಮ್ಮ ಪೇಟೆಗಳಲ್ಲಿ ಅವರ ಹೆಸರಿನ ಬೋರ್ಡುಗಳಿಗೆ ಕೊರತೆಯಿಲ್ಲ. ಆ ಮೂರು ಗಂಟೆ ಮಾತ್ರ ಬೋರ್ಡಿನ ಒಳಗೆ ಅಪರೂಪ.

*

ಕೂಸುಗಳ ವಿಷಯ ಬೇರೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂದು 2023ರಲ್ಲಿ ಸರ್ಕಾರ ಘೋಷಿಸಿತು. ಅಂಥ ಒಂದರಲ್ಲಿ ಗೋಡೆ ನೋಡಿದೆ, ಅಲ್ಲೂ ಒಂದು ವೇಳಾಪಟ್ಟಿ! ಎಂಟು ತಿಂಗಳ ಕೂಸಿಗೆ 10ಕ್ಕೆ ಆಟ, 11ಕ್ಕೆ ನಿದ್ದೆ. ಕೂಸು 10ಕ್ಕೆ ಮಲಗಿತ್ತು. ನೋಡಿಕೊಳ್ಳುವ ಹೆಂಗಸು ಪಟ್ಟಿಯ ಕಡೆ ತಿರುಗಿಯೂ ನೋಡದೆ ಜೋಳಿಗೆ ತೂಗಿದರು. ಆ ವಯಸ್ಸಿಗೆ ಕೂಸಿಗೊಂದು ದಿನಚರಿ. ಐದು ಕೂಸಿದ್ದರೆ ಐದು. ಅವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕೇ ಹೊರತು ಗೋಡೆಯಲ್ಲಿ ಅಲ್ಲ.

*

ಕಾನೂನಿನ ಒಂದು ಸಾಲು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ, 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಲು ಅವಕಾಶ ಕೊಡಬೇಕು ಎಂದಿತು. ಒಳ್ಳೆಯ ಸಾಲು. ಮೊಲೆಯುಣ್ಣುವ ಕೂಸಿಗೆ ಅದು ಅನ್ನದ ಪ್ರಶ್ನೆ.

ಆದರೆ ಎರಡೂವರೆ ವರ್ಷದ ಮಗುವಿಗೆ ನಾಲ್ಕು ಸಲ ತಾಯಿ ಬಂದಳೆಂದರೆ ನಾಲ್ಕು ಸಲ ತಾಯಿ ಹೋದಳೆಂದೂ ಅರ್ಥ. ಪ್ರತಿ ಸಲವೂ ಬಾಗಿಲ ಬಳಿ ಒಂದು ಅಳು. ಆಮೇಲಿನ ಹತ್ತು ನಿಮಿಷ ನೋಡಿಕೊಳ್ಳುವವರ ಕಂಕುಳಲ್ಲಿ ಆ ಮಗು, ಉಳಿದವರು ನೆಲದಲ್ಲಿ. ಹಾಗೆಂದು ತಾಯಿ ಬರಬಾರದು ಎನ್ನುವುದು ನನ್ನ ಮಾತಲ್ಲ. ಭೇಟಿಯ ಸಂಖ್ಯೆ ಬರೆದವರು ಆ ಹತ್ತು ನಿಮಿಷಕ್ಕೊಂದು ಜೋಡಿ ಕೈಯನ್ನೂ ಬರೆಯಬೇಕಿತ್ತು. 2018ರ ರಾಷ್ಟ್ರೀಯ ಮಾರ್ಗಸೂಚಿ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೇಲಿನ 20 ಮಕ್ಕಳಿಗೆ ಒಬ್ಬರು ಎನ್ನುತ್ತದೆ. ಕಂಕುಳಲ್ಲಿ ಒಂದಿರುವಾಗ ಉಳಿದ ಒಂಬತ್ತು?

*

2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ತಿರುವಿ ನೋಡಿದೆ. ದಿನ ಹೇಗಿರಬೇಕೆಂದು ಚೆನ್ನಾಗಿಯೇ ಹೇಳುತ್ತದೆ: ಮಗು ತಾನೇ ಆರಿಸಿಕೊಂಡದ್ದಕ್ಕೂ ಟೀಚರ್ ಮಾಡಿಸುವುದಕ್ಕೂ ಜಾಗ, ಓಡಾಟದ ಹಿಂದೆ ಶಾಂತವಾದದ್ದು, ಒಳಗೂ ಹೊರಗೂ, ಗುಂಪಿನಲ್ಲೂ ಒಬ್ಬರೇ ಆಗಿಯೂ. ಮಾದರಿ ದಿನಚರಿಗಳೂ ಇವೆ.

ಟೀಚರ್‌ಗೆ ಓದಿ ಹೇಳಿದೆ. ಬೇಳೆ ಆರಿಸುತ್ತಲೇ ಕೇಳಿಸಿಕೊಂಡರು. “ಎಲ್ಲಾ ಸರಿ ಇದೆ ಸಾರ್. ಅದ್ರಲ್ಲಿ ಟೀಚರ್ ಫೋನ್ ಬರೋದು ಎಲ್ಲಿದೆ?”

ಫೋನ್ ನಿಜಕ್ಕೂ ಬಂತು. ಫೋಟೊ ಬೇಕಂತೆ, ಮಕ್ಕಳು ಊಟ ಮಾಡುತ್ತಿರುವ ಫೋಟೊ, ಈಗಲೇ. ಗಂಟೆ 11. ಊಟ ಇನ್ನೂ ಒಲೆಯ ಮೇಲೆ. ತಟ್ಟೆ ಇಟ್ಟು ಮಕ್ಕಳನ್ನು ಕೂರಿಸಿದರು. ಎರಡನೇ ಕೂಗೂ ಆಗಿರಲಿಲ್ಲ. ಖಾಲಿ ತಟ್ಟೆ ನೋಡಿ ಒಬ್ಬ ಕುಕ್ಕರಿನ ಕಡೆ, ಮತ್ತೆ ಟೀಚರ್ ಕಡೆ, ಮತ್ತೆ ನನ್ನ ಕಡೆ ನೋಡಿದ. ನಾನು ಮುಖ ತಿರುಗಿಸಿದೆ.

*

ಈ ಟಿಪ್ಪಣಿಗಳನ್ನು ಓದಿದ ಸ್ನೇಹಿತರೊಬ್ಬರು ಕೇಳಿದರು: ಹಾಗಾದರೆ ವೇಳಾಪಟ್ಟಿಯೇ ಬೇಡವೇ? ಬೇಕು. ಗ್ಯಾಸ್ ಮುಗಿದ ದಿನ ಬಾಗಿಲಲ್ಲಿ ಚೀಲ ಹಿಡಿದು ನಿಂತ ಮೂವರೇ ಅದಕ್ಕೆ ಉತ್ತರ. ಮುಂದೇನು ಎಂದು ಗೊತ್ತಿದ್ದರೆ ಮಗು ಧೈರ್ಯವಾಗಿರುತ್ತದೆ. ಆದರೆ ಪಟ್ಟಿ ಬರೆಯುವ ಕೈ ಮೊದಲು ಕೈತೊಳೆಯುವುದನ್ನು, ಶೌಚವನ್ನು, ತಡವಾಗಿ ಬರುವ ಅಜ್ಜಿಯನ್ನು, ನಿದ್ದೆ ಬಾರದವನನ್ನು ಬರೆಯಬೇಕು. ಉಳಿದ ಜಾಗದಲ್ಲಿ ಮಣಿ ಪೋಣಿಸುವುದು. ಬೆಳಗಿನ 10ರಿಂದ 12ರವರೆಗೆ ಇಲಾಖೆಯ ಫೋನು, ಫೋಟೊ, ಸಭೆ, ಸಮೀಕ್ಷೆ ಯಾವುದೂ ಆ ಕೋಣೆಯ ಬಾಗಿಲು ತಟ್ಟಬಾರದು. ಅಷ್ಟು ಮಾಡಲು ಹೊಸ ಯೋಜನೆಯಾಗಲಿ ಅನುದಾನವಾಗಲಿ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಊರಿನ ಅಂಗನವಾಡಿಯ ಬಾಲ ವಿಕಾಸ ಸಮಿತಿಯ ಸದಸ್ಯರಾಗಿದ್ದರೆ ಆ ಎರಡು ಗಂಟೆಯನ್ನು ನೀವೇ ಕೇಳಬಹುದು. ಪೇಟೆಯಲ್ಲಿ ಮಗುವನ್ನು ಡೇ ಕೇರ್‌ಗೆ ಸೇರಿಸುವವರು ಹೊಳೆಯುವ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿ: ಒಂದು ಮಗುವನ್ನು ಶೌಚಕ್ಕೆ ಕರೆದುಕೊಂಡು ಹೋದಾಗ ಉಳಿದ ಮಕ್ಕಳ ಹತ್ತಿರ ಯಾರಿರುತ್ತಾರೆ? ಅವರು ತಡವರಿಸದೆ ಒಬ್ಬರ ಹೆಸರು ಹೇಳಿದರೆ ಸೇರಿಸಿ.